ಪೈಪೋಟಿ ಬೇಕು ಸ್ವಾಮೀ, ಪಕ್ಕದ ಅಂಗಡಿಗೆ

ನಮ್ಮ ಜನಕ್ಕೆ ಪೈಪೋಟಿ ಕಂಡರೆ ಬಲು ಪ್ರೀತಿ. ಅನುಮಾನವಿದ್ದರೆ ಕೇಳಿ ನೋಡಿ. ಗ್ಯಾಸ್ ಬಂಕುಗಳು ಇನ್ನೂ ನಾಲ್ಕು ಬರಲಿ, ಆಗ ರೇಟು ಇಳಿಯುತ್ತೆ ಎನ್ನುತ್ತಾರೆ ಆಟೋದವರು. ಬೈಕ್ ಟ್ಯಾಕ್ಸಿಯ ಮಾತೆತ್ತಿದಿರೋ, ಮೀಟರಿಗಿಂತ ಮೊದಲು ಅವರ ನಾಲಿಗೆ ಓಡತೊಡಗುತ್ತದೆ. ಸ್ಕೂಲುಗಳ ನಡುವೆ ಸ್ಪರ್ಧೆಯೇ ಇಲ್ಲ, ಅದಕ್ಕೇ ಫೀಸು ಹೀಗೆ ಎಂದು ಗೋಳಾಡುವ ಔಷಧದಂಗಡಿ ಯಜಮಾನರು, ಆನ್‌ಲೈನಿನಲ್ಲಿ ಮಾತ್ರೆ ಮಾರುವವರ ಹೆಸರು ಕೇಳಿದರೆ ತಮ್ಮದೇ ಕಪಾಟಿನಲ್ಲಿ ಬಿ.ಪಿ. ಮಾತ್ರೆ ಹುಡುಕುತ್ತಾರೆ. ಸ್ಕೂಲಿನವರಿಗೆ ಯೂನಿಫಾರ್ಮ್ ಹೊಲಿಯುವವರಲ್ಲಿ ಪೈಪೋಟಿ ಬೇಕು, ಟೈಲರಿಗೆ ಬಟ್ಟೆ ಗಿರಣಿಗಳಲ್ಲಿ. ಹೀಗೆ ದೇಶವೆಲ್ಲ ಸುತ್ತಿ ಬಂದರೂ ‘ನಮ್ಮ ಬಾಗಿಲಿಗೇ ಬರಲಿ ಬಿಡಿ’ ಅನ್ನುವ ಒಬ್ಬ ಪುಣ್ಯಾತ್ಮ ಸಿಗುವುದಿಲ್ಲ. ಕೊಳ್ಳುವಾಗ ನೂರು ಅಂಗಡಿ ಇರಬೇಕು, ಮಾರುವಾಗ ನಮ್ಮದೊಂದೇ ಇರಬೇಕು.

ನನ್ನ ಭಾವನನ್ನೇ ತೆಗೆದುಕೊಳ್ಳಿ. ಸಕಲೇಶಪುರದ ಕಡೆ ಒಂದಿಷ್ಟು ಕಾಫಿ ತೋಟ, ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ಹಳೆಯ ಕಾಫಿ ಬೋರ್ಡಿನ ಕಥೆ ತೆಗೆದರೆ ಭಾವ ಊಟ ಬಿಟ್ಟು ಮಾತಾಡುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಗಿರಾಕಿಗಳು ಕೈತಪ್ಪಿ ಬೆಳೆಗಾರರು ಕಂಗಾಲಾದಾಗ, ಕಾಫಿಯನ್ನೆಲ್ಲ ಒಂದೆಡೆ ಕೂಡಿಸಿ ಬೋರ್ಡೇ ಮಾರುವ ‘ಪೂಲ್’ ಪದ್ಧತಿ ಬಂತು. 1942ರ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಆ ಹೊತ್ತಿಗೆ ಅದು ಉಪಕಾರವೇ. ಯುದ್ಧವೇನೋ 1945ಕ್ಕೆ ಮುಗಿಯಿತು. ಪೂಲ್ ಪೂರಾ ಮುಗಿಯಲು 1996 ಬರಬೇಕಾಯಿತು! ಅಲ್ಲಿಯ ತನಕ ಕೊಡಗು, ಹಾಸನ, ಚಿಕ್ಕಮಗಳೂರಿನ ಬೆಳೆಗಾರ ಬೆಳೆಯನ್ನು ಬೋರ್ಡಿಗೆ ಒಪ್ಪಿಸಬೇಕು, ಬೋರ್ಡು ಹರಾಜು ಹಾಕಬೇಕು, ದುಡ್ಡು ಕಂತಿನಲ್ಲಿ ಬರಬೇಕು. “ಕೊನೇ ಕಂತು ಕೈಗೆ ಬರೋ ಹೊತ್ತಿಗೆ ಗಿಡದಲ್ಲಿ ಮುಂದಿನ ಹೂವು ಬಂದಿರ್ತಿತ್ತು ಮಾರಾಯ” ಎನ್ನುತ್ತಾರೆ ಭಾವ. 1994ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಬಿದ್ದು ಜಗತ್ತಿನಲ್ಲೆಲ್ಲ ಕಾಫಿ ರೇಟು ಹಾರಿತಲ್ಲ, ಆ ಹೊತ್ತಿಗೆ ಸ್ವಂತ ಮಾರಾಟಕ್ಕೆ ಅರ್ಧಂಬರ್ಧ ಬಾಗಿಲು ತೆರೆದಿತ್ತು. ಮಲೆನಾಡಿನಲ್ಲಿ ಹೊಸ ಜೀಪುಗಳು, ಹೊಸ ಹೆಂಚು, ದೊಡ್ಡ ಮದುವೆಗಳು. ಒಬ್ಬನೇ ಕೊಳ್ಳುವವನಿದ್ದ ಸಂತೆಗೆ ಹತ್ತು ಜನ ಬಂದರೆ ಏನಾಗುತ್ತದೆಂದು ಭಾವನಿಗೆ ಯಾವ ಪ್ರೊಫೆಸರೂ ಹೇಳಿಕೊಡಬೇಕಿರಲಿಲ್ಲ. 2000ದ ಆಸುಪಾಸಿನಲ್ಲಿ ಲೋಕದ ಬೆಲೆಯೇ ಕುಸಿದಾಗ, ಬೋರ್ಡಿದ್ದಿದ್ದರೆ ವಾಸಿಯಿತ್ತು ಎಂದು ಅದೇ ಜಗಲಿಯಲ್ಲಿ ಕೂತು ಹೇಳಿದವರೂ ಇದ್ದರು, ಆ ಮಾತು ಬೇರೆ.

ಇಷ್ಟೆಲ್ಲ ಮುಕ್ತ ಮಾರುಕಟ್ಟೆಯ ಪುರಾಣ ಹೇಳಿದ ಭಾವ, ಕೈ ತೊಳೆದು ಬಂದು ವಿಯೆಟ್ನಾಂ ಮೆಣಸಿನ ಮೇಲೆ ಹರಿಹಾಯ್ದರು. ಅಗ್ಗದ ಮೆಣಸು ಶ್ರೀಲಂಕಾದ ದಾರಿಯಲ್ಲಿ ನುಸುಳುತ್ತದೆ ಎಂಬುದು ಬೆಳೆಗಾರರ ಹಳೆಯ ದೂರು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಬೆಲೆ ಕಟ್ಟಿತು. ಭಾವನ ಪ್ರಕಾರ ಅದೂ ಸಾಲದು.

“ಅಲ್ಲ ಭಾವ, ಕಾಫಿಗೆ ಹತ್ತು ಜನ ಬರಬೇಕು ಅಂತೀರಿ, ಮೆಣಸಿಗೆ ಯಾರೂ ಬರಬಾರದು ಅಂತೀರಿ, ಇದ್ಯಾವ ನ್ಯಾಯ?”

“ನಿಂಗೆ ತಿಳಿಯಲ್ಲ ಬಿಡು. ಅಲ್ಲಿ ಬಂದಿದ್ದು ಕೊಳ್ಳೋರು. ಇಲ್ಲಿ ಬರ್ತಿರೋದು ಮಾರೋರು.”

ಇಡೀ ದೇಶದ ಸ್ಪರ್ಧಾ ನೀತಿಯ ಇತಿಹಾಸ ಈ ಎರಡು ವಾಕ್ಯಗಳಲ್ಲಿದೆ. ಭಾವನನ್ನು ದೂರಿ ಪ್ರಯೋಜನವಿಲ್ಲ. ದಿಲ್ಲಿಯಲ್ಲಿ ಕೂತ ಮಹಾಮಹಿಮರಿಗೂ ಈ ವಿಷಯದಲ್ಲಿ ಬಹಳ ದಿನ ತಲೆಕೆಟ್ಟಿತ್ತು. 1969ರಲ್ಲಿ ಏಕಸ್ವಾಮ್ಯ ತಡೆಯುವ ಕಾನೂನೊಂದು ಬಂತು, ಎಂಆರ್‌ಟಿಪಿ ಎಂದು ಅದರ ಖ್ಯಾತಿ. ಉದ್ದೇಶ ಚೆನ್ನಾಗಿತ್ತು: ನಾಲ್ಕಾರು ಮನೆತನಗಳ ಕೈಯಲ್ಲೇ ಸಂಪತ್ತು ಸೇರಬಾರದು. ಅದಕ್ಕೆ ಕಂಡುಕೊಂಡ ಉಪಾಯ ನೋಡಿ. 20 ಕೋಟಿ ರೂಪಾಯಿ ಆಸ್ತಿ ದಾಟಿದ ಕಂಪನಿ ಕಾರ್ಖಾನೆ ಹಿಗ್ಗಿಸಬೇಕಾದರೆ ದಿಲ್ಲಿಯ ಅಪ್ಪಣೆ ಬೇಕು. ಲೈಸೆನ್ಸಿನ ಕಾಟ ಮೊದಲೇ ಇತ್ತು. ಪರವಾನಗಿ ಇದ್ದದ್ದಕ್ಕಿಂತ ಹೆಚ್ಚು ಸಾಮಾನು ತಯಾರಿಸಿದರೆ ಅದು ತಪ್ಪು. ಹೆಚ್ಚು ಕೆಲಸ ಮಾಡಿದ್ದಕ್ಕೆ ದಂಡ ಹಾಕಿದ ಸರ್ಕಾರ ಲೋಕದಲ್ಲಿ ಎಷ್ಟಿವೆಯೋ ನಾ ಕಾಣೆ. ಹೊಸಬ ಒಳಗೆ ಬರುವಂತಿಲ್ಲ, ಹಳಬ ಬೆಳೆಯುವಂತಿಲ್ಲ. ಒಳಗಿದ್ದ ಹಳಬನಿಗೆ ಅದರಿಂದ ನಷ್ಟವೇನೂ ಇಲ್ಲ, ಗಿರಾಕಿ ತಾನೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಬಜಾಜ್ ಸ್ಕೂಟರಿಗೆ ಹೆಸರು ಬರೆಸಿದರೆ ಹತ್ತು ವರ್ಷ ಕಾಯುವುದು ಮಾಮೂಲಾಯಿತು. ಶೋರೂಮಿನ ಬೆಲೆಗಿಂತ ಓಡಿಸಿ ಬಿಟ್ಟ ಗಾಡಿಗೇ ಹೆಚ್ಚು ರೇಟು. ಮಗ ಹೈಸ್ಕೂಲು ಸೇರಿದಾಗ ಬುಕ್ ಮಾಡಿದರೆ ಅವನ ಮದುವೆ ಹೊತ್ತಿಗೆ ವರೋಪಚಾರಕ್ಕೆ ಸರಿಯಾಗಿ ಬರುತ್ತಿತ್ತು. ಅದೂ ಬೀಗರು ಬುಕ್ ಮಾಡಿದ್ದರೆ.

ನಮ್ಮ ಬೆಂಗಳೂರಿನ ಎಚ್‌ಎಂಟಿಯನ್ನು ನೆನೆದರೆ ಮಾತ್ರ ತಮಾಷೆ ಸ್ವಲ್ಪ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ವಾಚು ಮಾಡಲು ಹೊರಟು ದೇಶದ ಮಣಿಕಟ್ಟನ್ನೇ ಗೆದ್ದ ಕಾರ್ಖಾನೆ ಅದು. 1987ರಲ್ಲಿ ಹೊಸೂರಿನಿಂದ ಟೈಟಾನ್ ಬಂತು, ಕ್ವಾರ್ಟ್ಜ್ ವಾಚು ಹೊತ್ತುಕೊಂಡು. ಕ್ವಾರ್ಟ್ಜ್ ವಿದ್ಯೆ ಎಚ್‌ಎಂಟಿಗೂ ಗೊತ್ತಿತ್ತು. ಕೀಲಿ ಕೊಡುವ ವಾಚು ಚೆನ್ನಾಗಿಯೇ ಹೋಗುತ್ತಿರುವಾಗ ಅವಸರವೇನು ಅಂದುಕೊಂಡಿತು. ಬುದ್ಧಿವಂತರು ಅಲ್ಲಿ ಕಡಿಮೆಯಿರಲಿಲ್ಲ, ಹೆದರಿಸುವವರು ಇರಲಿಲ್ಲ. 2016ರಲ್ಲಿ ವಾಚು ಘಟಕಕ್ಕೆ ಬೀಗ ಬಿತ್ತು. ಈಗ ಅದೇ ವಾಚುಗಳನ್ನು ಹುಡುಕಿಕೊಂಡು ಹೋಗಿ ಹೆಚ್ಚು ಬೆಲೆ ಕೊಟ್ಟು ಕೊಳ್ಳುವ ರಸಿಕರಿದ್ದಾರೆ. ನಮ್ಮ ಪ್ರೀತಿಯೆಲ್ಲ ಹೀಗೇ, ತಿಥಿ ಆದ ಮೇಲೆ.

1991ರಲ್ಲಿ ಲೈಸೆನ್ಸಿನ ಗೋಡೆ ಬಿತ್ತು. ದೊಡ್ಡವನಾಗುವುದು ತಪ್ಪಲ್ಲ, ದೊಡ್ಡಸ್ತಿಕೆಯಿಂದ ಇನ್ನೊಬ್ಬನ ಕತ್ತು ಹಿಸುಕುವುದು ತಪ್ಪು ಎಂಬ ಹೊಸ ಜ್ಞಾನೋದಯದೊಂದಿಗೆ 2002ರ ಸ್ಪರ್ಧಾ ಕಾಯ್ದೆ ಬಂತು. 2003ರಲ್ಲಿ ಭಾರತೀಯ ಸ್ಪರ್ಧಾ ಆಯೋಗವೂ ಬಂತು. ಬಂದು ಏನು ಮಾಡಿತು? ಕೂತಿತು. ಕೋರ್ಟು, ತಿದ್ದುಪಡಿ ಎಂದು ಸುತ್ತಿ, ಒಪ್ಪಂದ-ಒಳಸಂಚುಗಳನ್ನು ಹಿಡಿಯುವ ಅಧಿಕಾರ ಕೈಗೆ ಬಂದದ್ದು 2009ರ ಮೇ 20ಕ್ಕೆ. ಕಬಡ್ಡಿ ರೆಫರಿಯನ್ನು ಅಂಕಣಕ್ಕೆ ಇಳಿಸಿ, ಆರು ವರ್ಷ ಸೀಟಿ ಕೊಡದೆ ನಿಲ್ಲಿಸಿದ ಹಾಗೆ. ಅಷ್ಟರಲ್ಲಿ ಆಟಗಾರರು ಕಾಲು ಎಳೆಯುವುದನ್ನು ಬಿಟ್ಟು ಕೈ ಕೈ ಹಿಡಿದುಕೊಳ್ಳುವುದನ್ನು ಕಲಿತುಬಿಟ್ಟಿದ್ದರು.

ಸಿಮೆಂಟಿನ ಪ್ರಕರಣ ನೋಡಿ. 2012ರಲ್ಲಿ ಆಯೋಗ 11 ಸಿಮೆಂಟ್ ಕಂಪನಿಗಳಿಗೆ 6,300 ಕೋಟಿ ರೂಪಾಯಿಗೂ ಮೀರಿ ದಂಡ ಬರೆಯಿತು. ಬೆಲೆಯ ಬಗ್ಗೆ ಒಳಗೊಳಗೇ ಹೊಂದಾಣಿಕೆ ಮಾಡಿಕೊಂಡಿರಿ, ಕಾರ್ಖಾನೆಗೆ ತಾಕತ್ತಿದ್ದೂ ಉತ್ಪಾದನೆ ಹಿಡಿದಿಟ್ಟಿರಿ ಎಂಬುದು ಅದರ ತೀರ್ಮಾನ. ಕಂಪನಿಗಳು ಒಪ್ಪಲಿಲ್ಲ, ಮೇಲ್ಮನವಿಗಳು ವರ್ಷಗಟ್ಟಲೆ ನಡೆದವು. ನನಗೆ ಮಜಾ ಅನ್ನಿಸಿದ್ದು ಬೇರೆ. ಎಪ್ಪತ್ತರ ದಶಕದಲ್ಲಿ ‘ಹೆಚ್ಚು ಮಾಡಬೇಡಿ’ ಎಂದು ಸರ್ಕಾರ ಕಂಪನಿಗಳನ್ನು ತಡೆಯುತ್ತಿತ್ತು. ಸರ್ಕಾರ ಆ ಕೆಲಸ ಬಿಟ್ಟ ಮೇಲೆ, ಆಯೋಗ ಹೇಳುವುದು ನಿಜವಾದರೆ, ಕಂಪನಿಗಳೇ ಅದನ್ನು ವಹಿಸಿಕೊಂಡವು. ಖಾಸಗೀಕರಣ ಅಂದರೆ ಇದು! ಲೆಕ್ಕ ಮಾತ್ರ ಎರಡು ಕಡೆಯೂ ಒಂದೇ: ಮಾಡಬಹುದಾಗಿದ್ದ ಸಾಮಾನು ಮಾಡಲಿಲ್ಲ, ಬೆಲೆ ಏರಿತು. ಮೂಟೆಗೆ ಹತ್ತು ರೂಪಾಯಿ ಏರಿದರೆ ಮನೆ ಕಟ್ಟುವವನಷ್ಟೇ ಅಳುವುದಿಲ್ಲ. ಮೋರಿ, ಸೇತುವೆ, ಶಾಲೆ, ಆಸ್ಪತ್ರೆ ಎಲ್ಲದರ ಟೆಂಡರೂ ಉಬ್ಬುತ್ತದೆ, ಹತ್ತು ಸೇತುವೆಯ ದುಡ್ಡಿನಲ್ಲಿ ಒಂಬತ್ತು ಏಳುತ್ತವೆ. ಕಟ್ಟದೇ ಉಳಿದ ಹತ್ತನೆಯದಕ್ಕೆ ಶಂಕುಸ್ಥಾಪನೆಯ ಕಲ್ಲೂ ಇರುವುದಿಲ್ಲವಾದ್ದರಿಂದ ಯಾರೂ ಧರಣಿ ಕೂರುವುದಿಲ್ಲ.

ಸಿಮೆಂಟು ಒಣ ವಿಷಯವಾಯಿತು ಅನ್ನುವವರಿಗೆ ಬಿಯರ್ ಇದೆ. 2021ರ ಸೆಪ್ಟೆಂಬರಿನಲ್ಲಿ ಆಯೋಗ ಬಿಯರ್ ಕಂಪನಿಗಳಿಗೆ ಒಟ್ಟು 873 ಕೋಟಿ ರೂಪಾಯಿ ದಂಡ ಹಾಕಿತು. ಅದರಲ್ಲಿ ಸುಮಾರು 752 ಕೋಟಿ ನಮ್ಮದೇ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಪಾಲಿಗೆ. ಬಿಯರ್ ಬೆಲೆ ಏರಿಸಲು ಬಹುತೇಕ ರಾಜ್ಯಗಳಲ್ಲಿ ಅಬಕಾರಿ ಇಲಾಖೆಯ ಒಪ್ಪಿಗೆ ಬೇಕು. ಕಂಪನಿಗಳು ಇಲಾಖೆಗೆ ಹೋಗುವ ಮೊದಲು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದವು ಎಂದಿತು ಆಯೋಗ, ಅದೂ 2009ರಿಂದ 2018ರಲ್ಲಿ ತನಿಖೆಯವರು ಬಾಗಿಲು ತಟ್ಟುವ ತನಕ. ಕರ್ನಾಟಕವೂ ಆ ಪಟ್ಟಿಯಲ್ಲಿತ್ತು. ಬೆಂಗಳೂರಿನ ದೊಡ್ಡ ಹೋಟೆಲು-ಪಬ್ಬುಗಳಂಥ ಗಿರಾಕಿಗಳಿಗೆ ಸರಬರಾಜು ಮಾಡುವುದರಲ್ಲೂ ಹೊಂದಾಣಿಕೆ ಇತ್ತಂತೆ. ಪಬ್ಬಿನಲ್ಲಿ ಕೂತು ‘ನನ್ನ ಬ್ರ್ಯಾಂಡೇ ಮೇಲು’ ಎಂದು ಸ್ನೇಹಿತನ ಜತೆ ಜಗಳ ಮಾಡಿದವರು ದಯವಿಟ್ಟು ಈಗ ರಾಜಿ ಮಾಡಿಕೊಳ್ಳಿ. ಬ್ರ್ಯಾಂಡಿನವರದು ಎಂದೋ ಆಗಿತ್ತು.

ಆ ಆದೇಶದಲ್ಲಿ ನನ್ನ ಮನಸ್ಸು ನಿಂತದ್ದು ಕೋಟಿಗಳ ಮೇಲಲ್ಲ, ಖಾಲಿ ಬಾಟಲಿಯ ಮೇಲೆ. ಹಳೆಯ ಬಾಟಲಿಗಳನ್ನು ವಾಪಸು ಕೊಳ್ಳುವ ವಿಷಯದಲ್ಲೂ ಎರಡು ದೊಡ್ಡ ಕಂಪನಿಗಳು ಮಾತಾಡಿಕೊಂಡಿದ್ದವು ಎಂದು ಆಯೋಗ ಕಂಡುಕೊಂಡಿತು. ‘ಹಳೇ ಪೇಪರ್, ಖಾಲಿ ಬಾಟ್ಲೀ’ ಎಂದು ಬೀದಿ ಸುತ್ತುವವನ ಜತೆ ನಾವು ಎಂಟಾಣೆಗೆ ಎಷ್ಟು ಗುದ್ದಾಡಿದ್ದೇವೆ! ಅವನನ್ನೇ ಕಳ್ಳನೆಂದು ಬೈದಿದ್ದೇವೆ. ಪಾಪ, ಅವನ ಮೇಲಿನವನ ಮೇಲಿನವನು ಎಲ್ಲಿ ಕೂತು ರೇಟು ಮಾತಾಡುತ್ತಿದ್ದನೋ. ಇಷ್ಟಾಗಿ, ಗುಟ್ಟು ಒಡೆದದ್ದು ಹೇಗೆ? ಒಳಗಿನವರಿಂದಲೇ. ಮೊದಲು ಬಂದು ತಪ್ಪೊಪ್ಪಿಕೊಂಡ ಕಂಪನಿಗೆ ಕಾನೂನಿನಲ್ಲಿ ಪೂರಾ ಮಾಫಿ ಉಂಟು. ಎಬಿ ಇನ್‌ಬೆವ್ ಹಾಗೆ ಮಾಡಿ ಒಂದು ರೂಪಾಯಿಯೂ ಕಟ್ಟದೆ ಪಾರಾಯಿತು. ಸ್ಪರ್ಧೆಯೇ ಬೇಡವೆಂದು ಕೂಡಿದವರಿಗೆ ಮಾಫಿಸಾಕ್ಷಿಯಾಗುವುದರಲ್ಲಿ ಮಾತ್ರ ಸ್ಪರ್ಧೆ. ಈ ಕಾಯ್ದೆ ಬರೆದವರಿಗೆ ಮನುಷ್ಯ ಸ್ವಭಾವ ಗೊತ್ತಿತ್ತೆನ್ನಲು ಇದೊಂದು ಕಲಮು ಸಾಕು.

ಕಂಪನಿಗಳನ್ನು ಬೈಯುವುದು ಸುಲಭ. ಕನ್ನಡಿಗರ ಮನೆಯೊಳಗಿನ ಒಂದು ಪ್ರಕರಣವೂ ಇದೆ: ಡಬ್ಬಿಂಗ್. 1960ರ ದಶಕದಲ್ಲಿ ಅನಕೃ ಮೊದಲಾದವರ ಚಳವಳಿಯಿಂದ ಡಬ್ಬಿಂಗ್ ಚಿತ್ರಗಳು ನಿಂತವು. ಆಗ ಕನ್ನಡ ಚಿತ್ರರಂಗ ಮದರಾಸಿನ ಬಾಡಿಗೆ ಮನೆಯಲ್ಲಿದ್ದ ಕೂಸು. ಕಾಪಾಡಿದ್ದು ಸರಿ, ನಾನಿದ್ದಿದ್ದರೂ ಬಾವುಟ ಹಿಡಿಯುತ್ತಿದ್ದೆ. ಕೂಸಿಗೆ ಐವತ್ತು ತುಂಬಿದರೂ ತೊಟ್ಟಿಲು ತೂಗುತ್ತಿದ್ದೆವಲ್ಲ, ತಕರಾರು ಅಲ್ಲಿ. ಯಾವ ಗೆಜೆಟ್ಟಿನಲ್ಲೂ ಇಲ್ಲದ ಈ ನಿಷೇಧ ಎಷ್ಟು ಬಿಗಿಯಾಗಿತ್ತೆಂದರೆ 2012ರಲ್ಲಿ ಆಮಿರ್ ಖಾನರ ‘ಸತ್ಯಮೇವ ಜಯತೆ’ ಕನ್ನಡದಲ್ಲಿ ಮಾತಾಡಿ ಟಿವಿಗೆ ಬರಲಾಗಲಿಲ್ಲ. ಬೇರೆ ಭಾಷೆಯ ಕಥೆ ಬರಬಾರದೆಂದೇನೂ ಇರಲಿಲ್ಲ, ರೀಮೇಕ್ ಆಗಿ ಧಾರಾಳವಾಗಿ ಬರುತ್ತಿತ್ತು. ಪ್ರೇಕ್ಷಕ ಮೂಲವನ್ನೇ ಪಕ್ಕದ ಥಿಯೇಟರಿನಲ್ಲಿ ನೋಡಿ ತೆಲುಗು, ತಮಿಳು, ಹಿಂದಿ ಮೂರನ್ನೂ ಫೀಸಿಲ್ಲದೆ ಕಲಿತ.

ಕನ್ನಡ ಗ್ರಾಹಕರ ಕೂಟ ಆಯೋಗಕ್ಕೆ ದೂರು ಕೊಟ್ಟಿತು. 2015ರ ಜುಲೈನಲ್ಲಿ ಆಯೋಗ, ಡಬ್ಬಿಂಗ್ ತಡೆಯುವುದು ಸ್ಪರ್ಧೆಗೆ ವಿರುದ್ಧ ಎಂದು ಹೇಳಿ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿ ಸಂಘಗಳಿಗೆ ಸುಮಾರು 20 ಲಕ್ಷ ರೂಪಾಯಿ ದಂಡ ಹಾಕಿತು. 2017ರಲ್ಲಿ ತಮಿಳಿನಿಂದ ಡಬ್ ಆದ ‘ಸತ್ಯದೇವ್ ಐಪಿಎಸ್’ ಬಂತು, ಪ್ರತಿಭಟನೆಯೂ ಆಯಿತು. ಮರುವರ್ಷ ‘ಕೆಜಿಎಫ್’ ಕನ್ನಡದ ಜತೆ ನಾಲ್ಕು ಭಾಷೆಗಳಲ್ಲಿ ಡಬ್ ಆಗಿ ದೇಶವನ್ನೆಲ್ಲ ಅಲ್ಲಾಡಿಸಿತು. ಮುಂಬೈಯವರು ನಮ್ಮ ಸಿನಿಮಾವನ್ನು ಹಿಂದಿಯಲ್ಲಿ ನೋಡಿದರೆ ಅದು ಕನ್ನಡದ ದಿಗ್ವಿಜಯ. ನಾವು ಅವರದನ್ನು ಕನ್ನಡದಲ್ಲಿ ನೋಡಿದರೆ ಸಂಸ್ಕೃತಿಯ ಮೇಲೆ ದಾಳಿ. ಭಾವನ ಕಾಫಿ, ಭಾವನ ಮೆಣಸು.

ಹಾಗಂತ ಆಯೋಗ ಮುಟ್ಟಿದ್ದೆಲ್ಲ ಚಿನ್ನವೇನಲ್ಲ. ಫೋನಿನ ಕಥೆ ಕೇಳಿ. 1995ರಲ್ಲಿ ಮೊಬೈಲ್ ಬಂದಾಗ ನಿಮಿಷಕ್ಕೆ 16 ರೂಪಾಯಿವರೆಗೂ ಬೀಳುತ್ತಿತ್ತು, ಬೇರೆಯವರು ಮಾಡಿದ ಕರೆಗೂ ನಮ್ಮದೇ ದುಡ್ಡು. ಕಂಪನಿಗಳು ಒಂದರ ಮೇಲೊಂದು ಬಿದ್ದು ಬಂದವು, ರೇಟು ಪೈಸೆಗೆ ಇಳಿಯಿತು, ತರಕಾರಿ ಗಾಡಿಯವನ ಜೇಬಿನಲ್ಲೂ ಫೋನು ಗುಣುಗುಟ್ಟಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಎಲ್ಲವನ್ನೂ ಪುಕ್ಕಟೆ ಕೊಟ್ಟಿತು. ಇದು ನಮ್ಮನ್ನು ಮುಗಿಸುವ ಹುನ್ನಾರ ಎಂದು ಏರ್‌ಟೆಲ್ ಆಯೋಗದ ಬಾಗಿಲು ತಟ್ಟಿತು. ಹೊಸದಾಗಿ ಬಂದವನ ಪಾಲು ಇನ್ನೂ ಚಿಕ್ಕದು, ಅವನನ್ನು ಮಾರುಕಟ್ಟೆಯ ದೊರೆ ಅನ್ನಲಾಗದು ಎಂದು 2017ರ ಜೂನಿನಲ್ಲಿ ಆಯೋಗ ದೂರನ್ನು ತಳ್ಳಿಹಾಕಿತು. ಕಾನೂನಿನ ಅಕ್ಷರ ಹಿಡಿದರೆ ಸರಿಯೇ. ಅಂದು ಎಷ್ಟು ಪಾಲಿದೆ ಎಂದು ಅಳೆದವರು ಮುಂದೆ ಎಷ್ಟಾಗಬಹುದು ಎಂದೂ ಯೋಚಿಸಬೇಕಿತ್ತೆಂಬುದು ನನ್ನ ತಗಾದೆ. ಪುಕ್ಕಟೆ ಡೇಟಾದಲ್ಲಿ ದಿನವಿಡೀ ವಿಡಿಯೋ ನೋಡಿದವನಿಗೆ ಈ ತಗಾದೆಯ ಹಕ್ಕು ಎಷ್ಟಿದೆ ಎಂದು ಮಾತ್ರ ಕೇಳಬೇಡಿ. ಏರ್‌ಸೆಲ್ ದಿವಾಳಿಯಾಯಿತು, ವೊಡಾಫೋನ್, ಐಡಿಯಾ ಒಂದಾಗಿ ವಿಐ ಆದವು. ಸರ್ಕಾರದ ಬಿಎಸ್ಎನ್ಎಲ್ ಬಿಟ್ಟರೆ ಉಳಿದದ್ದು ಮೂರು.

2024ರ ಜುಲೈ ಮೊದಲ ವಾರ ಮೂರೂ ದರ ಏರಿಸಿದವು, ಒಂದೆರಡು ದಿನದ ಅಂತರದಲ್ಲಿ. ತಿಂಗಳ ಪ್ಲಾನುಗಳಲ್ಲಿ ಜಿಯೋದ 239, ಏರ್‌ಟೆಲ್‌ನ 265, ವಿಐನ 269, ಮೂರೂ 299ಕ್ಕೆ ಬಂದು ನಿಂತವು. ಇದರಲ್ಲಿ ಒಳಸಂಚಿದೆ ಎಂದು ನಾನು ಹೇಳುತ್ತಿಲ್ಲ, ಹೇಳುವ ಹಾಗೂ ಇಲ್ಲ. ಪಕ್ಕದವನ ಬೋರ್ಡು ನೋಡಿ ತನ್ನ ಬೋರ್ಡು ಬರೆಯುವುದು ಅಪರಾಧವಲ್ಲ, ಮಾತಾಡಿಕೊಂಡು ಬರೆದರೆ ಅಪರಾಧ; ಮೂರೇ ಅಂಗಡಿ ಇರುವಲ್ಲಿ ಮಾತಾಡುವ ಅಗತ್ಯವಾದರೂ ಏನು? ನಮ್ಮ ಬೀದಿಯ ರೀಚಾರ್ಜ್ ಅಂಗಡಿಯ ಹುಡುಗನ ಹತ್ತಿರ, ಯಾವ ಕಂಪನಿಗೆ ಬದಲಾಯಿಸಿದರೆ ಉಳಿತಾಯ ಎಂದು ವಿಚಾರಿಸಿದೆ. ಅವನು ತಲೆ ಎತ್ತಲಿಲ್ಲ. “ನಿಮಗೆ ಯಾವ ಬಣ್ಣ ಇಷ್ಟ ಹೇಳಿ ಸಾರ್, ಕೆಂಪಾ ನೀಲಿಯಾ?”