ಎಚ್ಚೇಎಲ್ ಮಾವ

ದೊಡ್ಡಬೆಳವಂಗಲದ ಸುತ್ತ ಯಾವ ಊರಿಗೆ ಹೋದರೂ ಒಬ್ಬ ಎಚ್ಚೇಎಲ್ ಮಾವ ಸಿಗುತ್ತಾರೆ. ಜೀವಮಾನವೆಲ್ಲ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ದುಡಿದು, ರಿಟೈರಾದ ಮೇಲೆ ಎರಡೆಕರೆ ರಾಗಿ ಹೊಲಕ್ಕೆ ಮರಳಿದವರು. ಗುರುತು ಹಿಡಿಯುವುದು ಸುಲಭ: ಮನೆಗೆ ಬಂದವರ ಮುಖ ನೋಡುವ ಮೊದಲು ಅವರ ಗಾಡಿಯ ಕೆಳಗಿನ ನೆಲ ನೋಡುತ್ತಾರೆ.

ಅಂಥ ಮಾವನ ಕೈಗೆ ಪಕ್ಕದ ತೋಟದ ಟಿಲ್ಲರ್ ಸಿಕ್ಕಿತು. ಎಂಜಿನ್ ಅಡಿಯಿಂದ ಒಂದೇ ಸಮ ಆಯಿಲ್ ತೊಟ್ಟಿಕ್ಕುತ್ತಿತ್ತು. ಗ್ಯಾರೇಜಿನ ಹುಡುಗ ಪ್ಯಾಕಿಂಗ್ ಬದಲಿಸಿದ್ದ, ಅನಾಬಾಂಡ್ ಅಂಟು ಮೆತ್ತಿದ್ದ, ಸಾಲದೆಂದು ಬೋಲ್ಟುಗಳನ್ನು ಹಲ್ಲು ಕಚ್ಚಿ ಬಿಗಿದಿದ್ದ. ಹೊಸ ಪ್ಯಾಕಿಂಗ್ ನಜ್ಜುಗುಜ್ಜಾಗಿ ಲೀಕು ಇನ್ನಷ್ಟು ಹುರುಪುಗೊಂಡಿತ್ತು.

“ತೊಟ್ಟು ಬೀಳೋ ಜಾಗಾನೇ ಬೇರೆ, ಆಯಿಲ್ ಹೊರಡೋ ಜಾಗಾನೇ ಬೇರೆ ಕಣಯ್ಯಾ,” ಅಂದರು ಮಾವ. ಮಾತು ಸುಳ್ಳಲ್ಲ. ಪ್ರೊಪೆಲ್ಲರ್ ಹಿಂದಿನ ಸೀಲಿನಿಂದ ಜಿನುಗಿದ್ದನ್ನು ಗಾಳಿ ಹಿಂದಕ್ಕೆ ತಳ್ಳಿ ವಿಮಾನದ ಹೊಟ್ಟೆಗೆಲ್ಲ ಬಳಿದುಬಿಡುತ್ತದೆ. ಸ್ವಂತ ಶೆಡ್ಡಿನಲ್ಲಿ ವಿಮಾನ ಜೋಡಿಸಿಕೊಳ್ಳುವ ಹವ್ಯಾಸಿಗಳೂ ಈ ಒಂದು ಲೀಕಿನ ಜಾಡು ಹಿಡಿದು ಎಂಜಿನ್ ಮುಂದೆ ಕುಕ್ಕುರುಗಾಲಲ್ಲಿ ಕೂರುತ್ತಾರೆ. ಟಿಲ್ಲರಿಗೆ ಪ್ರೊಪೆಲ್ಲರ್ ಇಲ್ಲವೆಂಬ ಸಣ್ಣ ವಿಷಯವನ್ನು ಮಾವ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಎಂಜಿನ್ ತೊಳೆದು ಒಣಗಿಸಿದ್ದಾಯಿತು. ಮನೆಯೊಳಗಿಂದ ಅತ್ತೆಯ ಪೌಡರ್ ಡಬ್ಬಿ ಬಂತು. ಮೈಯೆಲ್ಲ ಪೌಡರ್ ಉದುರಿಸಿ ಸ್ವಲ್ಪ ಹೊತ್ತು ಓಡಿಸಿದರೆ, ಆಯಿಲ್ ಹೊರಟಲ್ಲಿಂದ ಒದ್ದೆ ಗೆರೆ ಇಳಿಯುತ್ತದೆ. ಗೆರೆ ಹಿಡಿದು ಮೇಲೆ ಹೋದರೆ ಕಳ್ಳ ಸಿಗುತ್ತಾನೆ. ಹ್ಯಾಂಗರಿನಲ್ಲೂ ನಡೆಯುವ ಉಪಾಯವೇ. ಟಿಲ್ಲರ್ ಮದುವಣಗಿತ್ತಿಯ ಹಾಗೆ ನಿಂತಿತು. ಮಾವ ಕನ್ನಡಕ ಏರಿಸಿ ಅದರ ಮುಖಕ್ಕೆ ಮುಖ ಕೊಟ್ಟು ಕೂತರು.

“ನನ್ ಮುಖಾನ ಒಂದಿನಾನೂ ಇಷ್ಟು ಹತ್ರದಿಂದ ನೋಡಿಲ್ಲ ಈ ಮನುಷ್ಯ,” ಅಂದರು ಅತ್ತೆ.

ಗೆರೆ ಮೂಡುವವರೆಗೆ ಎಚ್‌ಟಿ-2 ಪುರಾಣ. ಡಾ. ಘಾಟಗೆಯವರು ವಿನ್ಯಾಸ ಮಾಡಿದ, ಹಿಂದುಸ್ತಾನ್ ಏರ್‌ಕ್ರಾಫ್ಟ್‌ನವರೇ ಕಟ್ಟಿದ ತರಬೇತಿ ವಿಮಾನ. ಮೊದಲು ಹಾರಿದ್ದು 1951ರ ಆಗಸ್ಟ್ 5ರಂದು. ಅದರ ಸಿರಸ್ ಮೇಜರ್ ಎಂಜಿನ್ ತಲೆಕೆಳಗು: ಕ್ರ್ಯಾಂಕ್ ಮೇಲೆ, ಸಿಲಿಂಡರುಗಳು ಕೆಳಗೆ. “ಅಂಥದ್ರಲ್ಲೇ ಆಯಿಲ್ ತಡೆದು ನಿಲ್ಸಿದೋರು ನಾವು!” ಆ ಆಗಸ್ಟಿನಲ್ಲಿ ಮಾವನಿಗೆ ಹಾಲುಹಲ್ಲು ಮೂಡಿದ್ದರೆ ಹೆಚ್ಚು. ಕಾರ್ಖಾನೆಯವರ ‘ನಾವು’ ಎಂಬುದರಲ್ಲಿ ಹುಟ್ಟುವ ಮೊದಲಿನ ಸರ್ವೀಸೂ ಸೇರಿರುತ್ತದೆ.

ಗೆರೆ ಮೂಡಿತು. ಒಂದಲ್ಲ. ಟ್ಯಾಪೆಟ್ ಕವರಿನಿಂದ, ಆಯಿಲ್ ಸೀಲಿನಿಂದ, ಕೊನೆಗೆ ಡಿಪ್‌ಸ್ಟಿಕ್ ತೂತಿನಿಂದಲೂ. ಟಿಲ್ಲರಿನ ಯಜಮಾನ ತಲೆ ಮೇಲೆ ಕೈ ಹೊತ್ತ. ಮಾವನ ಮುಖ ಅರಳಿತು.

“ಎಲ್ಲಾ ಕಡೆಯಿಂದ್ಲೂ ಬರ್ತದೆ ಅಂದ್ರೆ ಯಾವ ಪ್ಯಾಕಿಂಗಿಂದೂ ತಪ್ಪಿಲ್ಲ. ಒಳಗೆ ಉಸಿರು ಕಟ್ಟೈತೆ.”

ಪಿಸ್ಟನ್ ರಿಂಗುಗಳ ಸಂದಿಯಿಂದ ಒಂದಿಷ್ಟು ಹೊಗೆ ಕೆಳಗಿನ ಕೇಸಿಗೆ ನುಗ್ಗುತ್ತಲೇ ಇರುತ್ತದೆ. ಅದು ಹೊರಹೋಗಲೆಂದೇ ಬ್ರೀದರ್ ಕೊಳವೆ ಇರುವುದು. ಅದರ ಬಾಯಿ ಮುಚ್ಚಿದರೆ ಒತ್ತಡವೇರಿ, ಸಿಕ್ಕ ಸಂದಿಯಲ್ಲೆಲ್ಲ ಆಯಿಲ್ ದಬ್ಬುತ್ತದೆ. ಚಳಿ ದೇಶಗಳಲ್ಲಿ ವಿಮಾನದ ಬ್ರೀದರ್ ಬಾಯಿಗೆ ಮಂಜುಗಡ್ಡೆ ಕಟ್ಟಿ ಮುಂದಿನ ಸೀಲೇ ಕಿತ್ತು ಬರುವುದುಂಟು. ನಮ್ಮಲ್ಲಿ ಮಂಜುಗಡ್ಡೆ ಎಲ್ಲಿಂದ ಬರಬೇಕು? ಕಣಜದ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ತಂತಿ ಹಾಕಿ ಕೆದಕಿದರು, ಗೂಡು ಉದುರಿತು. ನಜ್ಜಿದ ಪ್ಯಾಕಿಂಗ್ ಬದಲಿಸಿದ ಮೇಲೆ ಲೀಕು ನಿಂತಿತು.

ನಿಂತದ್ದೇ ತೊಂದರೆಯಾಯಿತು. ಇಷ್ಟು ಬೇಗ ಕೆಲಸ ಮುಗಿಯುವುದು ಮಾವನಿಗೆ ಒಗ್ಗುವುದಿಲ್ಲ. ನಡುಕಕ್ಕೆ ಬೋಲ್ಟ್ ಸಡಿಲವಾಗದಿರಲೆಂದು ವಿಮಾನದಲ್ಲಿ ಮಾಡುವಂತೆ, ಟಿಲ್ಲರಿನ ಕಂಡ ಕಂಡ ಬೋಲ್ಟಿಗೆಲ್ಲ ತೂತು ಕೊರೆದು, ಹುರಿ ತಂತಿ ಪೋಣಿಸಿ ಲಾಕ್ ಮಾಡಿದರು. ಡ್ರೈನ್ ನಟ್ಟನ್ನೂ ಬಿಡಲಿಲ್ಲ. ಆಯಿಲ್ ಬದಲಿಸುವ ದಿನ ಬಂದಾಗ ಗ್ಯಾರೇಜಿನ ಹುಡುಗ ಬಗ್ಗಿ ನೋಡಿ ಸ್ಪ್ಯಾನರ್ ಕೆಳಗಿಟ್ಟ: “ಮಾವನ್ನೇ ಕರೀರಣ್ಣ.”

ಮಾವ ಊರಲ್ಲಿರಲಿಲ್ಲ. ಏರೋ ಇಂಡಿಯಾ ನಡೆಯುತ್ತಿತ್ತು. 1996ರಿಂದ ಯಲಹಂಕದಲ್ಲಿ ನಡೆಯುವ ಆ ಪ್ರದರ್ಶನಕ್ಕೆ ಅವರು ಮೊಮ್ಮಗನನ್ನು ಕರೆದುಕೊಂಡು ಬುತ್ತಿ ಕಟ್ಟಿಕೊಂಡು ಹೋಗಿದ್ದರು. ಜನವೆಲ್ಲ ಕತ್ತೆತ್ತಿ ಆಕಾಶ ನೋಡುತ್ತಿದ್ದರೆ, ತಾತ ಮಾತ್ರ ನಿಂತಿದ್ದ ವಿಮಾನಗಳ ಹೊಟ್ಟೆಯಡಿ ಬಗ್ಗಿ ಬಗ್ಗಿ ನೋಡಿ ಮಾನ ಕಳೆದರೆಂದು ಮೊಮ್ಮಗ ದೂರಿದ. ಮಾವ ಮಾತ್ರ ಪರಮ ತೃಪ್ತಿಯಿಂದ ಮರಳಿದ್ದರು.

“ಅಷ್ಟು ಕೋಟಿ ವಿಮಾನದ ಕೆಳಗೂ ತಟ್ಟೆ ಇಟ್ಟವ್ರೆ ಕಣಯ್ಯಾ!”