ಎಡೆದೊರೆನಾಡಿನ ವಿಮಾ ಮೀಮಾಂಸೆ

ಕೃಷ್ಣೆ-ತುಂಗಭದ್ರೆಯರ ನಡುವಿನ ಎಡೆದೊರೆನಾಡಿಗಾಗಿ ರಾಜರು ಯುದ್ಧ ಮಾಡಿದ್ದಾರೆ, ಆ ಯುದ್ಧಗಳ ಮೇಲೆ ವಿದ್ವಾಂಸರು ಪಿಎಚ್‌.ಡಿ. ಮಾಡಿದ್ದಾರೆ. ಆದರೆ ಇಲ್ಲಿ ಎಲುಬು ಕಟ್ಟುವವನ ಕೈ ಜಾರಿದರೆ ಪರಿಹಾರ ಯಾರ ಕಿಸೆಯಿಂದ ಬರಬೇಕು ಎಂಬ ಮೂಲಭೂತ ಪ್ರಶ್ನೆಯನ್ನು 1520ರಲ್ಲಿ ರಾಯಚೂರು ಗೆದ್ದ ಕೃಷ್ಣದೇವರಾಯನೂ ಎತ್ತಲಿಲ್ಲ, ಸೋತ ಇಸ್ಮಾಯಿಲ್ ಆದಿಲ್ ಶಾಹನೂ ಎತ್ತಲಿಲ್ಲ. ಐದು ಶತಮಾನದ ಈ ಲೋಪವನ್ನು ತುಂಬುವ ಭಾರ ನಮ್ಮ ಮಾಮಾನ ದೆಸೆಯಿಂದ ನನ್ನ ತಲೆಗೆ ಬಂತು.

ಮಾಮಾ ಅಂದರೆ ನನ್ನ ತಾಯಿಯ ತಮ್ಮ. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಓಣಿಯೊಂದರಲ್ಲಿ, ಮಹಡಿಯ ಮೇಲೆ ಹೋಲಿಸ್ಟಿಕ್ ಹೀಲಿಂಗ್ ಸೆಂಟರ್ ತೆರೆದಿದ್ದಾನೆ. ತೀನ್ ಕಂದೀಲ್ ಎಂದರೆ ವಾತ, ಪಿತ್ತ, ಕಫ ಎಂಬ ಮೂರು ದೀಪಗಳು ಎಂಬುದು ಅವನ ವ್ಯಾಖ್ಯಾನ. ಬೋರ್ಡಿನಲ್ಲಿ ಆಗ ಏಳು ವಿದ್ಯೆಗಳಿದ್ದವು: ಎಲುಬು ಕಟ್ಟುವುದು, ಕಾಮಣಿ ಔಷಧ, ಎಣ್ಣೆ ಮಾಲೀಶು, ಹಿಜಾಮಾ, ಆಕ್ಯುಪ್ರೆಶರ್, ರೇಕಿ, ಕೊನೆಗೆ ದೃಷ್ಟಿ ನಿವಾರಣೆ. ಮೊದಲೆರಡು ದೇವದುರ್ಗ ತಾಲೂಕಿನ ಹಳ್ಳಿಯಲ್ಲಿರುವ ಅಜ್ಜನಿಂದ ಬಂದವು. ರೇಕಿ ಎರಡು ದಿನದ ಶಿಬಿರದಿಂದ ಬಂತು. ಉಳಿದವು ಎಲ್ಲಿಂದ ಬಂದವೆಂದು ಕೇಳಿದರೆ ಮಾಮಾ ಫ್ಯಾನಿನ ಕಡೆ ನೋಡುತ್ತಾನೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರಿಂದ ಜನ ಧರಣಿ ಕೂತಾಗ ಅವನೂ ಹೋಗಿ ಕೂತು ಬಂದವನೇ. “ಅದು ಬರೂತನಾ ನಾ ಅದೀನಲ್ಲ” ಎನ್ನುವುದು ಅವನ ವಿನಯ.

ಸಂಶೋಧನಾ ವಿಧಾನ: ಮಾಮಾನ ಬೈಕಿನ ಹಿಂದೆ ಕೂತು ಓಡಾಡುವುದು. ಕ್ಷೇತ್ರಕಾರ್ಯ ನಡೆದದ್ದು ಮಹಡಿಯ ಸೆಂಟರು, ಅಜ್ಜನ ಮನೆಯ ಕಟ್ಟೆ ಮತ್ತು ಮಾನ್ವಿಯ ಒಬ್ಬ ವಿಮಾ ಏಜೆಂಟರು ಚಹಾ ಕುಡಿಯುವ ಹೋಟೆಲು. ಮಾಹಿತಿದಾರರು ಮೂವರು. ಅವರಲ್ಲಿ ಒಬ್ಬರಿಗೆ ಕಿವಿ ಮಂದ.

ಮೊದಲು ಪದನಿಷ್ಪತ್ತಿ. ವಿಮೆ ಬಂದದ್ದು ಫಾರಸಿಯ ‘ಬೀಮಾ’ದಿಂದ, ಅದರ ಬೇರು ‘ಬೀಮ್’, ಅಂದರೆ ಭಯ ಎನ್ನುತ್ತಾರೆ ಬಲ್ಲವರು. ಅಲ್ಲ, ಕಾಡ್ಲೂರಿನ ಹತ್ತಿರ ಕೃಷ್ಣೆಗೆ ಕೂಡುವ ಭೀಮಾ ನದಿಯಿಂದ ಬಂತು ಎಂಬುದು ಮಾಮಾನ ಪಕ್ಷ. ಹೊಳೆ ತುಂಬಿ ಬಂದಾಗ ಎರಡರ ಅರ್ಥವೂ ಒಂದೇ ಆಗುವುದರಿಂದ ನಾನು ವಾದಿಸಲಿಲ್ಲ. ಬಳಕೆಯಲ್ಲಿ ಮಾತ್ರ ನಮ್ಮ ಕಡೆ ವಿಮೆಗೆ ಎರಡೇ ಹೆಸರು. ಮನುಷ್ಯನಿಗೆ ಮಾಡಿಸಿದರೆ ಎಲ್‌ಐಸಿ, ಹೊಲಕ್ಕೆ ಮಾಡಿಸಿದರೆ ಬೆಳೆವಿಮೆ. ಎಲ್‌ಐಸಿ ಹುಟ್ಟಿದ್ದು 1956ರ ಸೆಪ್ಟೆಂಬರ್ 1ಕ್ಕೆ. ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರು ಮೈಸೂರು ರಾಜ್ಯಕ್ಕೆ ಬಂದದ್ದು ಅದೇ ವರ್ಷದ ನವೆಂಬರ್ 1ಕ್ಕೆ. ಕನ್ನಡಿಗರೆಲ್ಲ ಒಂದಾಗುವ ಎರಡು ತಿಂಗಳ ಮೊದಲೇ ನಾವು ಪಾಲಿಸಿದಾರರಾಗಲು ಸಿದ್ಧರಾಗಿದ್ದೆವು ಎಂಬುದನ್ನು ಇತಿಹಾಸಕಾರರು ಗಮನಿಸಿಲ್ಲ.

ಬೆಳೆವಿಮೆಯ ವಿಷಯದಲ್ಲಿ ಅಜ್ಜನೇ ಪ್ರಮಾಣಗ್ರಂಥ. 2016ರ ಮುಂಗಾರಿನಿಂದ ಜಾರಿಯಾದ ಫಸಲ್ ಬಿಮಾ ಯೋಜನೆಯಲ್ಲಿ ರೈತ ಕಟ್ಟುವ ಪಾಲು ಮುಂಗಾರು ಆಹಾರ ಬೆಳೆಗೆ ಶೇ 2, ಹಿಂಗಾರಿಗೆ ಶೇ 1.5, ಹತ್ತಿಯಂಥ ವಾಣಿಜ್ಯ ಬೆಳೆಗೆ ಶೇ 5. ಆದರೆ ಇಳುವರಿಯ ನಷ್ಟ ಅಳೆಯುವಾಗ ನೋಡುವುದು ನಿಮ್ಮ ಹೊಲವನ್ನಲ್ಲ. ಪಂಚಾಯಿತಿಯೊಳಗೆ ಕೆಲವು ಕಡೆ ಬೆಳೆ ಕೊಯ್ದು ತೂಗಿ, ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬಂದ ಐದು ವರ್ಷದ ಸರಾಸರಿಗೆ ಹಿಡಿದು ನೋಡುತ್ತಾರೆ. ಮಾಮಾನ ಸೆಂಟರಿಗೂ ವಿಮೆ ಮಾಡಿಸುವ ಮಾತು ಬಂದಾಗ ಅಜ್ಜ ಎಲೆ ಮಡಚುತ್ತ ಒಂದು ಸೂತ್ರ ಹೇಳಿದ:

“ಅಂದ್ರ ನೀ ಒಬ್ಬನ ಕಾಲು ಕೆಡಿಸಿದ್ರ ರೊಕ್ಕ ಬರಂಗಿಲ್ಲ ತಮ್ಮಾ. ಇಡೀ ಪಂಚಾಯ್ತಿ ಕುಂಟಬೇಕು.”

ಇನ್ನು ಪ್ರಾಚೀನ ಆಕರ. ನಾನು ಓಡಾಡಿದ ಈ ಸೀಮೆಗೆ ಸಂಬಂಧಪಟ್ಟ ಅತಿ ದೊಡ್ಡ ಕ್ಲೇಮು ಯಾವುದೆಂದರೆ ದಾಸಪರಂಪರೆಯಲ್ಲಿ ಹೇಳುವ ಕಥೆ. ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ಪಾಠ ಹೇಳುತ್ತಿದ್ದ ಶ್ರೀನಿವಾಸಾಚಾರ್ಯರು, ವಿಜಯದಾಸರು ಪ್ರಸಾದಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರು. ನೆಪಕ್ಕೆ ಹೇಳಿದ್ದು ನಿಜವಾಯಿತು, ಯಾವ ಔಷಧಕ್ಕೂ ಬಗ್ಗಲಿಲ್ಲ. ಸೋತು ಶರಣು ಬಂದವರನ್ನು ವಿಜಯದಾಸರು ತಮ್ಮ ಶಿಷ್ಯ ಗೋಪಾಲದಾಸರಲ್ಲಿಗೆ ಕಳಿಸಿದರು. ದೇವದುರ್ಗ ಸೀಮೆಯ ಮೊಸರಕಲ್ಲಿನವರಾದ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷವನ್ನು ಧಾರೆ ಎರೆದರು, ಅದನ್ನು ಕೊಟ್ಟದ್ದು ಜೋಳದ ರೊಟ್ಟಿಯ ರೂಪದಲ್ಲಿ. ಆಚಾರ್ಯರು ಜಗನ್ನಾಥದಾಸರಾಗಿ ಹರಿಕಥಾಮೃತಸಾರ ಬರೆದು 1809ರವರೆಗೆ ಬಾಳಿದರು.

ಇದನ್ನು ವಿಮಾಶಾಸ್ತ್ರದ ಕಣ್ಣಿನಿಂದ ನೋಡಿದವರಲ್ಲಿ ನಾನೇ ಮೊದಲಿಗ ಎಂದು ಸಂಕೋಚದಿಂದ ಹೇಳಿಕೊಳ್ಳುತ್ತೇನೆ. ಪ್ರೀಮಿಯಂ ಸೊನ್ನೆ. ದಾಖಲೆಪತ್ರ ಒಂದು ರೊಟ್ಟಿ. ಸುಳ್ಳು ಹೇಳಿ ತಂದುಕೊಂಡ ಕಾಯಿಲೆಗೂ ಪರಿಹಾರ ಸಿಕ್ಕಿದೆ, ಅದೂ ಕೊಡುವವರ ಸ್ವಂತ ಬಂಡವಾಳದಿಂದ. ಇಂದು ಪ್ರಪೋಸಲ್ ಫಾರ್ಮಿನಲ್ಲಿ ಹೊಟ್ಟೆನೋವಿನ ಬಗ್ಗೆ ಒಂದು ಸುಳ್ಳು ಬರೆದರೆ ಕ್ಲೇಮು ಅಲ್ಲಿಗೇ ಮುಗಿಯಿತು. ಮಾನ್ವಿಯ ಏಜೆಂಟರಿಗೆ ಈ ಪ್ರಕರಣ ವಿವರಿಸಿದಾಗ ಅವರು ಕೈಮುಗಿದು, “ಅವರು ದಾಸರ್ರೀ. ನಮ್ಮ ಕಂಪನಿ ಕೆಎಸ್ಸಾರ್ಟಿಸಿ ಟಿಕೀಟಿಗೂ ಜೆರಾಕ್ಸ್ ಕೇಳತೈತಿ” ಅಂದರು.

ಆದರೆ ನಾಟಿ ವೈದ್ಯರಿಗೆ ವಿಮೆಯ ಅರಿವೇ ಇರಲಿಲ್ಲ ಎಂಬ ಪೂರ್ವಪಕ್ಷ ನಿಲ್ಲುವುದಿಲ್ಲ. ಅಜ್ಜನ ಬಾಯಲ್ಲಿ ಇಡೀ ಪಾಲಿಸಿ ದಸ್ತಾವೇಜೇ ಇದೆ. ಬಿದಿರ ದಬ್ಬೆ ಇಟ್ಟು, ಮೊಟ್ಟೆಯ ಬಿಳಿ ಹಚ್ಚಿದ ಬಟ್ಟೆ ಸುತ್ತುತ್ತ ಅವನು ಆಡುವ ಮಾತುಗಳನ್ನು ಒಂದು ಅಮಾವಾಸ್ಯೆಯ ದಿನ ಕೂತು ಬರೆದುಕೊಂಡೆ. “ಬದನಿಕಾಯಿ ತಿಂದ್ರ ನನ್ನ ಕೇಳಬ್ಯಾಡ.” ಇದು ಪಾಲಿಸಿಯ ಷರತ್ತು. “ಅವತ್ತ ಬರಬೇಕಿತ್ತು, ಹುಣ್ಣಿಮಿ ದಾಟಿಸಿ ಬಂದಿ.” ಇದು ತಡವಾಗಿ ತಿಳಿಸಿದ ಆಕ್ಷೇಪಣೆ. “ಅನ್ನದ ಋಣ ಇದ್ರ ಉಳೀತಾನ.” ಇದು ಹೊಣೆಯ ಮಿತಿ. ಎಲ್ಲಕ್ಕೂ ಮೇಲಿನದು “ಹಿಂದಿನ ಜನ್ಮದ ಕರ್ಮ”, ಅಂದರೆ ಪಾಲಿಸಿಗಿಂತ ಮುಂಚೆಯೇ ಇದ್ದ ಕಾಯಿಲೆ! ಈ ಕೊನೆಯದರಲ್ಲಿ ಮಾತ್ರ ಅಜ್ಜ ಆಧುನಿಕ ಕಂಪನಿಗಳನ್ನೂ ಮೀರಿಸಿದ್ದಾನೆ. ಮುಂಚೆಯೇ ಇದ್ದ ಕಾಯಿಲೆಯ ನೆಪದಲ್ಲಿ ಆರೋಗ್ಯ ವಿಮಾ ಕಂಪನಿಗಳು ಕಾಯಿಸುವ ಅವಧಿ 48 ತಿಂಗಳಿದ್ದುದನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ 36 ತಿಂಗಳಿಗೆ ಇಳಿಸಿತು. ಚಿತ್ರಗುಪ್ತನಿಗೆ ಈ ಸುತ್ತೋಲೆ ತಲುಪಿಲ್ಲ.

ಅಜ್ಜ ರೊಕ್ಕ ಮುಟ್ಟುವುದಿಲ್ಲ. ಮುಟ್ಟಿದರೆ ಔಷಧದ ಗುಣ ಹೋಗುತ್ತದೆ ಎಂಬ ನಂಬಿಕೆ. ಎಲೆ, ಅಡಿಕೆ, ತೆಂಗಿನಕಾಯಿ. ಸುಗ್ಗಿಯಾದರೆ ಒಂದು ಸೇರು ಜೋಳ. ಇದನ್ನು ನಾವು ಮೌಢ್ಯವೆಂದು ನಗುತ್ತಿದ್ದೆವು. 1995ರಲ್ಲಿ ಸುಪ್ರೀಂ ಕೋರ್ಟು ವೈದ್ಯರ ಸೇವೆಯೂ ಗ್ರಾಹಕ ಕಾಯ್ದೆಗೆ ಒಳಪಡುತ್ತದೆ ಎಂದು ತೀರ್ಪು ಕೊಟ್ಟಾಗ ಅದರಲ್ಲೊಂದು ವಿನಾಯಿತಿಯನ್ನೂ ಇಟ್ಟಿತು: ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವವರು ಆ ಕಾಯ್ದೆಯ ಹೊರಗೆ. ಕೋರ್ಟಿನ ಮೆಟ್ಟಿಲು ಹತ್ತದ ಅಜ್ಜ ಆ ತೀರ್ಪಿಗಿಂತ ಮೊದಲೇ ಅದನ್ನು ಪಾಲಿಸಿಕೊಂಡು ಬಂದಿದ್ದ. ಜಿಲ್ಲೆಯಲ್ಲಿ ಅತ್ಯುತ್ತಮ ವಿಮೆ ಇದ್ದದ್ದು ಅವನಿಗೇ.

ಮಾಮಾ ಅದನ್ನು ಒಂದೇ ದಿನದಲ್ಲಿ ಕಳೆದ. ಧನ್ವಂತರಿಯ ಫೋಟೋದ ಕೆಳಗೆ ಫೋನ್‌ಪೇ ಕ್ಯೂಆರ್ ಅಂಟಿಸಿ, ಪಕ್ಕದಲ್ಲಿ ಸೌಂಡ್ ಬಾಕ್ಸ್ ಇಟ್ಟ. ಈಗ ಯಾರಾದರೂ ಕೈ ತಿರುವಿಸಿಕೊಂಡು ಹೊರಟರೆ ಪೆಟ್ಟಿಗೆ ಕೆಳಗಿನ ಕಿರಾಣಿ ಅಂಗಡಿಗೂ ಕೇಳುವಂತೆ ಕೂಗುತ್ತದೆ: ಐದು ನೂರು ರೂಪಾಯಿ ಸ್ವೀಕರಿಸಲಾಗಿದೆ. ಗ್ರಾಹಕ ಆಯೋಗದ ಮುಂದೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾವುದು? ದಿನಕ್ಕೆ ಹತ್ತು ಸಲ ಮಾಮಾನ ವಿರುದ್ಧ ಸಾಕ್ಷಿ ಹೇಳುವ ಯಂತ್ರಕ್ಕೆ ತಿಂಗಳ ಬಾಡಿಗೆಯನ್ನೂ ಅವನೇ ಕಟ್ಟುತ್ತಾನೆ.

ಹೀಗಾಗಿ ಪ್ರಪೋಸಲ್ ಫಾರ್ಮು ಬಂತು. ಮಾನ್ವಿಯ ಹೋಟೆಲಿನಲ್ಲಿ ಒಗ್ಗಾಣಿ ತಟ್ಟೆಯ ಪಕ್ಕ ಅದನ್ನು ಹರಡಿದೆವು. ಮಿರ್ಚಿ ಮುಟ್ಟಿದ ಕೈಯಿಂದ ಮಾಮಾ ಮೊದಲ ಹಾಳೆ ತಿರುವಿದ್ದಕ್ಕೆ ‘ಅರ್ಹತೆ’ ಎಂಬ ಕಲಮಿನ ಮೇಲೆ ಎಣ್ಣೆಯ ದುಂಡು ಗುರುತು ಬಿತ್ತು. ಅಲ್ಲಿ ಬೇರೇನೂ ಬರೆಯಲು ಇರಲಿಲ್ಲವಾದ್ದರಿಂದ ನಷ್ಟವಾಗಲಿಲ್ಲ.

ಆ ಎಣ್ಣೆಯ ಗುರುತೇ ಏಜೆಂಟರಿಗೆ ಪಾಠದ ಹಲಗೆಯಾಯಿತು. “ನೋಡ್ರಿ, ನಿಮ್ಮ ಮಾಲೀಶ್ ಎಣ್ಣಿ ಪೇಶೆಂಟಿನ ಬೆನ್ನು ಸುಟ್ರ ಅದು ಪ್ರೊಫೆಷನಲ್ ಇಂಡೆಮ್ನಿಟಿ. ಅದ ಎಣ್ಣಿ ನೆಲಕ್ಕ ಚೆಲ್ಲಿ, ಅವನ ಜೋಡಿ ಬಂದ ಮನಷ್ಯಾ ಜಾರಿ ಬಿದ್ರ ಪಬ್ಲಿಕ್ ಲಯಬಿಲಿಟಿ. ಎಣ್ಣಿ ಕಾಸೂಮುಂದ ಬೆಂಕಿ ಹತ್ತಿದ್ರ ಫೈರ್ ಪಾಲಿಸಿ. ನಿಮ್ಮ ಮಾಲೀಶ್ ಹುಡುಗನ ಕೈ ಸುಟ್ರ ಕೆಲಸಗಾರರ ಪರಿಹಾರದ ಕಾನೂನು ಐತಿ, ಅದಕ್ಕ ಬ್ಯಾರೆ.” ಒಂದು ಬಟ್ಟಲು ಎಣ್ಣೆಗೆ ನಾಲ್ಕು ಪಾಲಿಸಿ! ದೇಹ, ಮನಸ್ಸು, ಆತ್ಮ ಒಂದೇ ಎಂಬುದು ಹೋಲಿಸ್ಟಿಕ್ ಸಿದ್ಧಾಂತ. ಎಣ್ಣೆ ಕೂಡ ಒಂದಲ್ಲ ಎಂಬುದು ವಿಮಾ ಸಿದ್ಧಾಂತ. ಶಂಕರ-ಮಧ್ವರ ವಾದ ಇದಕ್ಕಿಂತ ಸರಳವಾಗಿತ್ತು.

ಇಂಡೆಮ್ನಿಟಿಯ ಒಳಗುಟ್ಟನ್ನೂ ಅವರೇ ಬಿಡಿಸಿದರು. ಒಂದು ಪ್ರಕರಣಕ್ಕೆ ಇಷ್ಟು, ವರ್ಷಕ್ಕೆ ಒಟ್ಟು ಇಷ್ಟು ಎಂದು ಎರಡು ಮಿತಿ ಇರುತ್ತವೆ, ಅವುಗಳ ಅನುಪಾತವನ್ನು 1:1ರಿಂದ 1:4ರವರೆಗೆ ಆರಿಸಿಕೊಳ್ಳಬಹುದು. ತಪ್ಪು ನಡೆದಾಗ ಪಾಲಿಸಿ ಇದ್ದರಷ್ಟೇ ಸಾಲದು, ದೂರು ಬಂದಾಗಲೂ ಜೀವಂತವಾಗಿರಬೇಕು. ನಡುವೆ ನವೀಕರಣ ತಪ್ಪಿದರೆ ಹಳೆಯ ವರ್ಷಗಳ ರಕ್ಷಣೆ ಹೋಗುತ್ತದೆ, ಹದಿನಾರು ಸೋಮವಾರದ ವ್ರತದಲ್ಲಿ ಒಂದು ವಾರ ತಪ್ಪಿದರೆ ಮತ್ತೆ ಮೊದಲಿನಿಂದ ಹಿಡಿಯಬೇಕಾದ ಹಾಗೆ. ಇಷ್ಟೆಲ್ಲ ಇದ್ದರೂ ಯಾವ ವಿದ್ಯೆಗೆ ನೋಂದಣಿ ಇದೆಯೋ ಅದಕ್ಕಷ್ಟೇ ಪಾಲಿಸಿ. ಮಾಮಾ ಕಿಸೆಯಿಂದ ಪೇಪರ್ ಕಟಿಂಗ್ ತೆಗೆದ: ಆರೋಗ್ಯ ವಿಮೆಯಲ್ಲಿ ಆಯುಷ್ ಚಿಕಿತ್ಸೆಯನ್ನೂ ಉಳಿದ ಚಿಕಿತ್ಸೆಗಳ ಸಮಕ್ಕೆ ಕಾಣಬೇಕೆಂದು ಪ್ರಾಧಿಕಾರ 2024ರಲ್ಲಿ ಹೇಳಿದೆ.

“ಅದು ಪೇಶೆಂಟಿಗ್ರೀ, ನಿಮಗಲ್ಲ,” ಅಂದರು ಏಜೆಂಟರು. “ಮತ್ತ ಆಯುಷ್‌ನಾಗ ಆಯುರ್ವೇದ ಐತಿ, ಯೋಗ ಐತಿ, ಯುನಾನಿ, ಸಿದ್ಧ, ಹೋಮಿಯೋಪತಿ ಅದಾವ. ರೇಕಿ ಯಾವ ಅಕ್ಷರದಾಗ ಬರತೈತಿ ನೀವ ಹೇಳ್ರಿ.”

ಒಂದು ವಿದ್ಯೆಯ ಪದವಿ ಇದ್ದವನು ಇನ್ನೊಂದಕ್ಕೆ ಕೈ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ 1996ರ ಇನ್ನೊಂದು ತೀರ್ಪಿದೆ. ಹೋಮಿಯೋಪತಿ ಓದಿದ ವೈದ್ಯರೊಬ್ಬರು ಜ್ವರಕ್ಕೆ ಅಲೋಪತಿ ಔಷಧ ಕೊಟ್ಟು ರೋಗಿ ತೀರಿಕೊಂಡಾಗ, ಗೊತ್ತಿಲ್ಲದ ಪದ್ಧತಿಗೆ ಕೈ ಹಾಕಿದ್ದೇ ನಿರ್ಲಕ್ಷ್ಯ ಎಂದಿತು ಸುಪ್ರೀಂ ಕೋರ್ಟು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಇನ್ನೂ ಖಡಕ್ಕು. ನಿರ್ಲಕ್ಷ್ಯದಿಂದ ಸಾವಾದರೆ ನೋಂದಾಯಿತ ವೈದ್ಯನಿಗೆ 2 ವರ್ಷದವರೆಗೆ, ಉಳಿದವರಿಗೆ 5 ವರ್ಷದವರೆಗೆ ಜೈಲು. ಮಾಮಾ ಉಳಿದವರಲ್ಲಿ ಬರುತ್ತಾನೆ. ಜೈಲಿಗೆ ಯಾವ ಕಂಪನಿಯೂ ಪಾಲಿಸಿ ಕೊಡುವುದಿಲ್ಲ.

ಇಲ್ಲಿ ಸಂಖ್ಯಾಶಾಸ್ತ್ರದ ಸಣ್ಣ ಶೋಧವೊಂದನ್ನು ವಿದ್ವತ್ ಲೋಕದ ಮುಂದಿಡುತ್ತೇನೆ. ಪವಾಡ ಔಷಧಗಳ ಜಾಹೀರಾತು ತಡೆಯುವ ಕಾಯ್ದೆ ಬಂದದ್ದು 1954ರಲ್ಲಿ. ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿ ಅದರಲ್ಲಿದೆ, ಸಕ್ಕರೆ ಕಾಯಿಲೆ, ಪಾರ್ಶ್ವವಾಯುವಿನಿಂದ ಹಿಡಿದು ಆಳಿನ ಎತ್ತರದವರೆಗೆ 54. ಮಾಮಾನ ಬೋರ್ಡಿನಲ್ಲಿ ‘ಸಕಲ ರೋಗ’ ಎಂದಿರುವುದರಿಂದ 54ಕ್ಕೆ 54 ಅಂಕವೂ ಅವನಿಗೇ. ಈ 54ನ್ನು ದ್ವಿಗುಣಿಸಿದರೆ 108. ಅದು ಜಪಮಾಲೆಯ ಮಣಿಗಳ ಲೆಕ್ಕ, ಮತ್ತು 2008ರಲ್ಲಿ ಕರ್ನಾಟಕದಲ್ಲಿ ಶುರುವಾದ ಆಂಬುಲೆನ್ಸಿನ ನಂಬರು. ಆ ಸೇವೆಯ ಹೆಸರು ‘ಆರೋಗ್ಯ ಕವಚ’. ವಿಮೆಯವರು ಇಂಗ್ಲಿಷಿನಲ್ಲಿ ‘ಕವರ್’ ಎನ್ನುವುದಕ್ಕೆ ಇಷ್ಟು ಅಚ್ಚುಕಟ್ಟಾದ ಪದ ಮೊದಲೇ ಇದ್ದದ್ದು ನನ್ನ ಗಮನಕ್ಕೆ ಬಂದದ್ದು ಹೋಟೆಲಿನ ಗೋಡೆಯ ಮೇಲೆ.

ಕೊನೆಗೆ ಮಾಮಾನಿಗೆ ಸಿಕ್ಕಿದ್ದು ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಬ್ಯಾಂಕಿನಲ್ಲಿ ಸಹಿ ಹಾಕಿದ, ಮೆಸೇಜ್ ಬಂತು. ಅಪಘಾತದಲ್ಲಿ ಅವನೇ ಸತ್ತರೆ ಮನೆಯವರಿಗೆ 2 ಲಕ್ಷ, ರೋಗಿ ಸತ್ತರೆ ಏನೂ ಇಲ್ಲ. ಹಾವು ಕಚ್ಚಿ ಸತ್ತರೂ ಇದು ಅಪಘಾತವೇ, ಆದರೆ ಆಸ್ಪತ್ರೆಯ ದಾಖಲೆ ಬೇಕು ಎಂದು ಏಜೆಂಟರು ಹೇಳಿದ್ದು ಕಿವಿ ಮಂದವಾದ ಅಜ್ಜನಿಗೂ ಕೇಳಿಸಿತು. ಹಿಂದೆ ಹಾವಿನ ಮಂತ್ರ ಹಾಕುತ್ತಿದ್ದವನು ಅವನು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಂತ್ರಕ್ಕ ರಶೀದಿ ಬರಂಗಿಲ್ಲಲ್ಲೋ” ಅಂದ.

ಹಾವು, ಚೇಳು, ನಾಯಿ ಕಚ್ಚಿದವರನ್ನು ಆಸ್ಪತ್ರೆಗೆ ಹೋಗಗೊಡದೆ ಮಂತ್ರ ಹಾಕುವುದು, ದಾರ ಕಟ್ಟುವುದು 2020ರಲ್ಲಿ ಜಾರಿಗೆ ಬಂದ ರಾಜ್ಯದ ಕಾಯ್ದೆಯಲ್ಲಿ ಅಪರಾಧ. 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ಇದನ್ನೆಲ್ಲ ನಾನು ಓದಿ ಹೇಳಿದ ಮರುದಿನ ಮಾಮಾ ಪೇಂಟರನ್ನು ಕರೆಸಿ ಬೋರ್ಡಿನ ಕೊನೆಯ ಸಾಲು ಅಳಿಸಿದ. ದೃಷ್ಟಿ ನಿವಾರಣೆ ಇದ್ದ ಜಾಗದಲ್ಲಿ ಈಗ ಕೆಂಪು ಬಣ್ಣದಲ್ಲಿ ಹೀಗಿದೆ: ‘ಹಾವು ಕಚ್ಚಿದವರು ಮ್ಯಾಲೆ ಹತ್ತಬ್ಯಾಡ್ರಿ. ರಿಮ್ಸ್ ಆಸ್ಪತ್ರೆಗೆ ಹೋಗ್ರಿ, ಇಲ್ಲಾ 108ಕ್ಕ ಫೋನ್ ಮಾಡ್ರಿ.’