18947668177995426462773730: ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಸ್ತುತ ಸಂಪ್ರಬಂಧವು ಮೇಲ್ಕಾಣಿಸಿದ ಪೂರ್ಣಾಂಕದ ಅಸ್ಮಿತೆಯನ್ನು ಅಂಕಿಕೇಂದ್ರಿತ, ಅಂಕಿವಿಮುಖ ಹಾಗೂ ಅಂಕ್ಯೋತ್ತರ ಪರಿಪ್ರೇಕ್ಷ್ಯಗಳಲ್ಲಿ ಮುಖಾಮುಖಿಯಾಗಿಸುವ ವಿನಮ್ರ ಯತ್ನವಾಗಿದೆ. ಅಧ್ಯಯನದ ವ್ಯಾಪ್ತಿ 26 ಅಂಕಿ. ಮಿತಿಯೂ ಅಷ್ಟೇ.

ಆಕರ: ಲಂಡನ್ನಿನ ಇಂಪೀರಿಯಲ್ ಕಾಲೇಜು, 1980ರ ಜೂನ್ 18. ಅಲ್ಲಿನ ಕಂಪ್ಯೂಟರ್ ವಿಭಾಗ ಮನಬಂದಂತೆ ಆರಿಸಿಕೊಟ್ಟ 7686369774870 ಮತ್ತು 2465099745779ನ್ನು ಬೆಂಗಳೂರಿನ ಶಕುಂತಲಾ ದೇವಿ ಮನಸ್ಸಿನಲ್ಲೇ ಗುಣಿಸಿ, 28 ಸೆಕೆಂಡಿನಲ್ಲಿ ಸದರಿ ಸಂಖ್ಯೆಯನ್ನು ಹೇಳಿದರು. ಅದರ ಗುಣಗಳನ್ನು ಹದಿನೇಳು ವರ್ಗಗಳಾಗಿ ವಿಂಗಡಿಸಲಾಗಿದೆ.

ಒಂದು, ಅಂತ್ಯಶೂನ್ಯತ್ವ. ಕೊನೆಗೆ ಸೊನ್ನೆಯಿದೆ; ಆದ್ದರಿಂದ ಹತ್ತರಿಂದ ಭಾಗವಾಗುತ್ತದೆ. ಇದನ್ನು ಮೂರನೇ ಕ್ಲಾಸಿನ ಹುಡುಗಿ ಹೇಳಿದರೆ ಉತ್ತರ, ನಾನು ಹೇಳಿದರೆ ಉಪಪತ್ತಿ. ಸೊನ್ನೆ ಒಂದೇ ಆದ್ದರಿಂದ ವರ್ಗಸಂಖ್ಯೆಯಾಗುವ ಭಾಗ್ಯ ಇದಕ್ಕಿಲ್ಲ.

ಎರಡು, ಸಪ್ತಬಾಹುಳ್ಯ-ಸಪ್ತವೈಮುಖ್ಯ ದ್ವಂದ್ವ. ಹತ್ತೂ ಅಂಕಿಗಳು ಹಾಜರಿವೆ. ಏಳಂತೂ ಆರು ಸಲ ಬಂದು ಮೆರೆದಿದೆ. ಆದರೂ ಏಳರಿಂದ ಭಾಗಿಸಿದರೆ 4 ಶೇಷ. ತಲೆ ಎಣಿಕೆಯಲ್ಲಿ ಗೆದ್ದವರು ಲೆಕ್ಕಕ್ಕೆ ಬರುವುದಿಲ್ಲವೆಂಬ ಈ ಒಳನೋಟಕ್ಕೆ ಪ್ರತ್ಯೇಕ ಗೋಷ್ಠಿಯೇ ಆಗಬೇಕು.

ಮೂರು, ಏಕಾದಶಭಾಜ್ಯತ್ವ. ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿ: 69. ಬಿಟ್ಟವನ್ನು ಕೂಡಿ: ಅದೂ 69. ಕಳೆದರೆ ಸೊನ್ನೆ, ಹಾಗಾಗಿ 11ರಿಂದ ನಿಶ್ಶೇಷ ಭಾಗ. (ಇದು ನಿಜಕ್ಕೂ ಚೆಂದ, ಪೆನ್ಸಿಲ್ ಹಿಡಿದು ನೋಡಿ. ಗುಟ್ಟು 2465099745779ರಲ್ಲಿದೆ, ಅದೇ ಹನ್ನೊಂದರ ಮಗ್ಗಿಯದು.)

ನಾಲ್ಕು, ಅಂಕಮೊತ್ತ 138. ಮೂರಕ್ಕೆ ಒಲಿಯುತ್ತದೆ, ಒಂಬತ್ತಕ್ಕಿಲ್ಲ. ಐದು... ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಊಟದ ಹೊತ್ತಾಯಿತಂತೆ. ಉಳಿದ ಹದಿಮೂರು ವರ್ಗ ಹಾಳಾಗಿ ಹೋಗಲಿ.

ಇದೇ ಅಧ್ಯಕ್ಷರು ಬೆಳಗ್ಗೆ, 'ಆಕೆಯದು ಗಣಿತವಲ್ಲ, ಬರೀ ಲೆಕ್ಕ' ಎಂದು ಅಪ್ಪಣೆ ಕೊಡಿಸಿದರು. ಸರಿ ಸ್ವಾಮಿ, ಬರೀ ಲೆಕ್ಕವೇ. ಶಾಲೆಯ ಕ್ರಮದಲ್ಲಿ ಮಾಡಿದರೆ 13 ಅಂಕಿಗೆ 13 ಅಂಕಿ, 169 ಸಲ ಮಗ್ಗಿ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸಾಲುಗಳನ್ನು ದಶಕ ಹೊತ್ತು ಕೂಡುವುದು. ತಾವು ಪ್ರಯಾಣಭತ್ಯೆಯ ಬಿಲ್ಲು ಕೂಡಲು ಮೊಬೈಲ್ ತೆಗೆದಿರಿ. ಆಕೆ ಸರ್ಕಸ್ಸಿನವರ ಮಗಳು. ಕ್ರಮವಾಗಿ ಶಾಲೆ ಕಂಡವರಲ್ಲ. ಮಗುವಾಗಿದ್ದಾಗಲೇ ವೇದಿಕೆ ಹತ್ತಿ ದುಡಿದವರು. ಆ ತಲೆಯೊಳಗೆ ಏನು ನಡೆಯುತ್ತದೆಂದು 1988ರಲ್ಲಿ ಎದುರಿಗೆ ಕೂರಿಸಿಕೊಂಡು ಪರೀಕ್ಷಿಸಿದವರು ಬರ್ಕ್ಲಿಯ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್. ನಾವು ಎಷ್ಟು ಸೆಕೆಂಡು ಎಂದಷ್ಟೇ ಕೇಳಿ ಚಪ್ಪಾಳೆ ತಟ್ಟಿದೆವು.

ಗಿನ್ನೆಸ್ ತನ್ನ 1982ರ ಪುಸ್ತಕದಲ್ಲಿ ದಾಖಲೆಯನ್ನು ಅಚ್ಚು ಹಾಕಿತು. 28 ಸೆಕೆಂಡಿನ ಆ ಕೆಲಸಕ್ಕೆ ಪ್ರಮಾಣಪತ್ರ ಬಂದದ್ದು 40 ವರ್ಷದ ಮೇಲೆ, 2020ರ ಜುಲೈಯಲ್ಲಿ, ಅದೂ ಆಕೆಯ ಮೇಲಿನ ಸಿನಿಮಾ ಬಿಡುಗಡೆಯ ಹೊತ್ತಿಗೆ. ಪಡೆದುಕೊಂಡವರು ಮಗಳು. ಶಕುಂತಲಾ ದೇವಿ 2013ರ ಏಪ್ರಿಲ್‌ನಲ್ಲೇ ಬೆಂಗಳೂರಿನಲ್ಲಿ ತೀರಿಕೊಂಡಿದ್ದರು.